ಬ್ರಿಟನ್ನಿನ ಸಣ್ಣಸಣ್ಣ ಎಡ ಗುಂಪುಗಳು, ಈಗ ಇಲ್ಲದೇ ಇರೋವು: ನೆನಪಿದ್ದೋರು ಬರೀರಿ

ಹಳೇಕಾಗದ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ. ನಾನು ಲಂಡನ್ನಿನ ವಾಲ್ಥಮ್‌ಸ್ಟೋ ಕಡೆ ಹದಿನೇಳು ವರ್ಷದಿಂದ ಇದೀನಿ. ಪಕ್ಕದ ಮನೆ ಅಜ್ಜಿಗೆ ಈಗ 86, ನರ್ಸ್ ಆಗಿ ರಿಟೈರ್ ಆದೋರು. ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಮಗಳ ಮನೆಗೆ ಹೊರಟಿದಾರೆ, ಮನೆ ಖಾಲಿ ಮಾಡೋಕೆ ಸ್ವಲ್ಪ ಕೈ ಜೋಡಿಸ್ತೀಯಾ ಅಂತ ಕೇಳಿದ್ರು, ಹೋದೆ. ಅಟ್ಟದ ಮೇಲೆ ಹನ್ನೊಂದು ರಟ್ಟಿನ ಡಬ್ಬ. ಹಳೇ ಬಿಲ್ಲು ರಸೀದಿ ಇರ್ಬೇಕು ಅನ್ಕೊಂಡು ಬಿಚ್ಚಿದ್ರೆ ಒಳಗೆ ಪೂರ್ತಿ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ನಮ್ಮ ವಯಸ್ಸಿನೋರಿಗೆ ಗೊತ್ತಿರುತ್ತೆ, ಸ್ಕೂಲಲ್ಲಿ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಕೊಡ್ತಿದ್ರಲ್ಲ, ಅದೇ ಒರಟು ಕಾಗದ, ಅದೇ ಮಸಿ ವಾಸನೆ. ಪಿನ್ನೆಲ್ಲ ತುಕ್ಕು ಹಿಡಿದು ಮೂಲೆಯಲ್ಲಿ ಕಂದು ಕಲೆ ಬಿದ್ದಿದೆ. ಟೈಪ್‌ರೈಟರ್ ಕೀಲಿ ಜೋರಾಗಿ ಬಿದ್ದು ಸ್ಟೆನ್ಸಿಲ್ ತೂತಾಗಿ, ಇಂಗ್ಲಿಷಿನ ‘ಓ’ ಅಕ್ಷರದ ಹೊಟ್ಟೆಯೆಲ್ಲ ಮಸಿ ತುಂಬ್ಕೊಂಡು ಪುಟದ ತುಂಬಾ ಕಪ್ಪು ಚುಕ್ಕೆ. ಒಂದು ಹಾಳೆ ಮೇಲೆ ಹೆಬ್ಬೆಟ್ಟಿನ ಗುರುತು ಅಷ್ಟು ಚೆನ್ನಾಗಿ ಮೂಡಿದೆ, ಅಜ್ಜಿಗೆ ತೋರಿಸಿದ್ರೆ ತಮ್ಮ ಬೆರಳು ಅದರ ಮೇಲಿಟ್ಟು ನೋಡಿದ್ರು, ನನ್ನದಲ್ಲ ಅಂದ್ರು, ಆಮೇಲೆ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ.

ಅವರು 1962ರಿಂದ ಹತ್ತು ಹನ್ನೆರಡು ವರ್ಷ ‘ಸಾಲಿಡಾರಿಟಿ’ ಅನ್ನೋ ಗುಂಪಲ್ಲಿ ಇದ್ರಂತೆ. ಪೋಲೆಂಡಿನ ಕಾರ್ಮಿಕ ಸಂಘ ಅಲ್ಲ, ಅದು ಬಂದಿದ್ದು 1980ರಲ್ಲಿ, ಇದು ಲಂಡನ್ನಿನಲ್ಲಿ 1960ರಲ್ಲೇ ಶುರುವಾಗಿದ್ದು. ಗೆರಿ ಹೀಲಿ ಅನ್ನೋ ಟ್ರಾಟ್ಸ್ಕಿವಾದಿ ನಾಯಕನ ಸೋಷಲಿಸ್ಟ್ ಲೇಬರ್ ಲೀಗಿನಿಂದ ಹೊರಬಿದ್ದ ಕೆಲವರು ಸೇರಿ ಮಾಡಿದ್ದು. ನಾಯಕರು ಹೇಳೋದು, ಉಳಿದೋರು ಕೇಳೋದು, ಈ ರೀತಿ ಪಕ್ಷವೇ ಬೇಡ, ಕಾರ್ಖಾನೆ ನಡೆಸೋದನ್ನ ಕೆಲಸ ಮಾಡೋರೇ ನಡೆಸ್ಕೋಬೇಕು, ರಷ್ಯಾದಲ್ಲಿ ಇರೋದೂ ಸಮಾಜವಾದ ಅಲ್ಲ ಅನ್ನೋದು ಅವರ ವಾದ. ಅದರ ಮುಖ್ಯ ಬರಹಗಾರ ಕ್ರಿಸ್ ಪ್ಯಾಲಿಸ್ ಹುಟ್ಟಿದ್ದು ನಮ್ಮ ಬಾಂಬೆಯಲ್ಲಿ, 1923ರಲ್ಲಿ, ಗ್ರೀಕ್ ಮೂಲದ ಮನೆತನ. ಹಗಲಲ್ಲಿ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ದೊಡ್ಡ ನರರೋಗ ತಜ್ಞ, ಬ್ರೈನ್ ಸ್ಟೆಮ್ ಡೆತ್, ಅಂದ್ರೆ ಮೆದುಳುಕಾಂಡದ ಸಾವಿನ ಬಗ್ಗೆ ಇವತ್ತೂ ಡಾಕ್ಟರುಗಳು ಅವರ ಹೆಸರು ಹೇಳ್ತಾರೆ. ರಾತ್ರಿ ಮಾರಿಸ್ ಬ್ರಿಂಟನ್ ಅನ್ನೋ ಹೆಸರಲ್ಲಿ ಪ್ಯಾಂಪ್ಲೆಟ್ ಬರೀತಿದ್ರು. 1968ರ ಮೇ ತಿಂಗಳಲ್ಲಿ ಪ್ಯಾರಿಸ್‌ಗೆ ಹೋಗಿ ಕಣ್ಣಾರೆ ಕಂಡಿದ್ದನ್ನ ಬರೆದಿದ್ದು ಈ ಡಬ್ಬದಲ್ಲಿ ಮೂರು ಪ್ರತಿ ಇದೆ. ಗುಂಪು 1992ರ ಹೊತ್ತಿಗೆ ಮುಗೀತು.

ನಂಗೆ ರಾಜಕೀಯ ಅಷ್ಟು ಗೊತ್ತಿಲ್ಲ, ಲೈಬ್ರರಿ ಕೆಲಸ ನಂದು. ಆದ್ರೆ ಇಷ್ಟು ಜನ ಇಷ್ಟು ವರ್ಷ ರಾತ್ರಿ ನಿದ್ದೆ ಬಿಟ್ಟು ಹ್ಯಾಂಡಲ್ ತಿರುಗಿಸಿ ಅಚ್ಚು ಹಾಕಿದ್ದು ರದ್ದಿಗೆ ಹೋಗ್ಬಾರದು ಅಂತ ತುಂಬಾ ಅನ್ನಿಸ್ತಿದೆ. ಇಂಥ ಗುಂಪುಗಳ ಬಗ್ಗೆ ಗೊತ್ತಿರೋರು, ಅಲ್ಲಿ ಇದ್ದೋರು, ದಯವಿಟ್ಟು ಬರೀರಿ.

ಮೈಸೂರ್‌ರವಿ:
ಮೇಡಂ, ನಿಮ್ಮ ಅಜ್ಜಿ ಮೇಲೆ ಗೌರವ ಇದೆ, ಆದ್ರೆ ಒಂದು ಮಾತು ಹೇಳ್ಲೇಬೇಕು. ನೀವು ಹೇಳಿದ ಹೀಲಿಯವರ ಸಂಘಟನೆ 1973ರಲ್ಲಿ ವರ್ಕರ್ಸ್ ರೆವಲ್ಯೂಷನರಿ ಪಾರ್ಟಿ ಆಯ್ತು. ದಿನಪತ್ರಿಕೆ ಇತ್ತು, ಹೆಸರಾಂತ ಸಿನಿಮಾ ನಟನಟಿಯರೆಲ್ಲ ಮೆಂಬರು. 1985ರಲ್ಲಿ ವರ್ಷಗಟ್ಟಲೆ ಅವನ ಸೆಕ್ರೆಟರಿ ಆಗಿದ್ದೋರೇ ಪತ್ರ ಬರೆದು, ಪಕ್ಷದ ಎಷ್ಟೋ ಹೆಣ್ಣುಮಕ್ಕಳನ್ನ ಅವನು ಲೈಂಗಿಕವಾಗಿ ದುರುಪಯೋಗ ಮಾಡ್ಕೊಂಡಿದಾನೆ ಅಂತ ಹೇಳಿದ ಮೇಲೆ ಅವನನ್ನ ಹೊರಗೆ ಹಾಕಿದ್ರು, ಪಕ್ಷ ಚೂರುಚೂರಾಯ್ತು. ಆಗ್ಲೂ ಒಂದು ಬಣ ಅವನ ಬೆನ್ನಿಗೇ ನಿಂತ್ಕೊಂಡಿತ್ತು.

ಲಂಡನ್ನಿನ ಬ್ರಿಕ್ಸ್‌ಟನ್ ಕಡೆ ಕಥೆ ಇನ್ನೂ ಕೆಟ್ಟದು. ಅರವಿಂದನ್ ಬಾಲಕೃಷ್ಣನ್, ಕೇರಳದಲ್ಲಿ ಹುಟ್ಟಿ ಸಿಂಗಪುರದಲ್ಲಿ ಬೆಳೆದೋನು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಓದೋಕೆ ಬಂದು ಮಾವೋವಾದಿ ಆಗಿ, ಇದ್ದ ಗುಂಪಿಂದ ಹೊರಬಿದ್ದು 70ರ ದಶಕದಲ್ಲಿ ತನ್ನದೇ ‘ವರ್ಕರ್ಸ್ ಇನ್‌ಸ್ಟಿಟ್ಯೂಟ್’ ಮಾಡಿದ. ಅದು ಕೊನೆಗೆ ಕೆಲವು ಹೆಂಗಸರನ್ನ ಮನೆಯೊಳಗೆ ಹಿಡಿದಿಟ್ಟ ಜೈಲಾಯ್ತು. ಅವನ ಸ್ವಂತ ಮಗಳು ಹುಟ್ಟಿದಾಗಿಂದ 30 ವರ್ಷ ಅಲ್ಲೇ. 2013ರಲ್ಲಿ ಹೊರಗೆ ಬಂದ್ರು, 2016ರಲ್ಲಿ ಅವನಿಗೆ 23 ವರ್ಷ ಶಿಕ್ಷೆ, 2022ರಲ್ಲಿ ಜೈಲಲ್ಲೇ ಸತ್ತ.

ನಂಗ್ಯಾಕೆ ಇಷ್ಟು ಬೇಜಾರು ಅಂದ್ರೆ ನಮ್ಮ ಚಿಕ್ಕಪ್ಪ ಮ್ಯಾಂಚೆಸ್ಟರಲ್ಲಿ ಡಾಕ್ಟರಾಗಿದ್ರು, 74–75ರಲ್ಲಿ. ಒಂದು ಗುಂಪಿಗೆ ಸೇರಿದ್ರು, ಹೆಸರು ಬೇಡ. ಸಂಬಳದಲ್ಲಿ ಅರ್ಧ ಅಲ್ಲಿಗೆ ಕೊಡ್ತಿದ್ರು. ಆಸ್ಪತ್ರೆ ನೈಟ್ ಡ್ಯೂಟಿ ಮುಗಿಸಿ ನಿದ್ದೆ ಇಲ್ದೆ ಫ್ಯಾಕ್ಟರಿ ಗೇಟಿಗೆ ಪೇಪರ್ ಮಾರೋಕೆ. ನಮ್ಮ ಅಜ್ಜ ತೀರ್ಕೊಂಡಾಗ ಟೆಲಿಗ್ರಾಂ ಹೋಗಿದೆ, ಗುಂಪಿನೋರು ಈಗ ಮುಖ್ಯ ಘಟ್ಟ ನಡೀತಿದೆ ಹೋಗ್ಬೇಡ ಅಂದ್ರಂತೆ, ಬರ್ಲಿಲ್ಲ. ಎರಡು ವರ್ಷ ಆದ್ಮೇಲೆ ಯಾವುದೋ ಠರಾವಿಗೆ ವಿರೋಧ ಓಟು ಹಾಕಿದ್ದಕ್ಕೆ ಅವರನ್ನೇ ತೆಗೆದು ಹಾಕಿದ್ರು, ದಿನಾ ಜೊತೇಲಿದ್ದೋರು ರಸ್ತೆಯಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ತಿದ್ರಂತೆ. ಚಿಕ್ಕಪ್ಪ ಸಾಯೋವರೆಗೂ ಅಪ್ಪನ ತಿಥಿ ದಿನ ಊಟ ಮಾಡ್ತಿರಲಿಲ್ಲ. ನೆನಪಿಟ್ಕೊಳ್ಳೋದಾದ್ರೆ ಇದನ್ನೂ ನೆನಪಿಟ್ಕೊಳ್ಳಿ.

ಹಳೇಕಾಗದ:
ರವಿಯವರೇ, ಓದಿ ಮನಸ್ಸು ಭಾರ ಆಯ್ತು. ನೀವು ಬರೆದಿದ್ದು ಇಲ್ಲಿ ಇರ್ಲೇಬೇಕು. ಅಜ್ಜಿ ಜೊತೆ ಕೂತು ಕೇಳಿದೆ. ಅವರ ಗುಂಪಿನೋರು ಹೀಲಿಯನ್ನ ಬಿಟ್ಟು ಬಂದಿದ್ದೇ ಆ ದರ್ಬಾರು ತಡೀಲಾರ್ದೆ, ನಾವು ಮಾತ್ರ ಹಾಗಾಗ್ಬಾರ್ದು ಅಂತ ಪ್ರತಿ ಮೀಟಿಂಗಲ್ಲೂ ಅದೇ ಮಾತಂತೆ.

ಆದ್ರೆ ಒಂದು ಕೆಲಸ ಹೇಳ್ತೀನಿ ಕೇಳಿ. ಕೆಂಟ್ ಜಿಲ್ಲೆ ವೆಸ್ಟ್ ಮಾಲಿಂಗ್ ಹತ್ರ ಕಿಂಗ್ ಹಿಲ್ ಅಂತ ಮನೆ ಇಲ್ಲದೋರ ಹಾಸ್ಟೆಲ್ ಇತ್ತು. ಅಲ್ಲಿನ ರೂಲ್ಸ್ ಪ್ರಕಾರ ಹೆಂಡತಿ ಮಕ್ಕಳಿಗೆ ಮಾತ್ರ ಜಾಗ, ಗಂಡ ಹೊರಗೆ ಎಲ್ಲಾದ್ರೂ ಇರ್ಬೇಕು, ಅದೂ ಮೂರು ತಿಂಗಳು ಮಾತ್ರ, ಆಮೇಲೆ ಆ ತಾಯಿ ಮಕ್ಕಳೂ ಹೊರಗೆ. 1965ರಲ್ಲಿ ಅಲ್ಲಿದ್ದ ಸಂಸಾರಗಳು ನಾವು ಹೋಗಲ್ಲ ಅಂತ ಕೂತ್ವು, ಗಂಡಂದಿರು ಒಳಗೆ ಬಂದು ಇರೋಕೆ ಶುರು ಮಾಡಿದ್ರು, ಕೋರ್ಟ್ ಆಜ್ಞೆ ಮೀರಿದ್ರು ಅಂತ ಕೆಲವರನ್ನ ಜೈಲಿಗೂ ಹಾಕಿದ್ರು. ಸಾಲಿಡಾರಿಟಿಯೋರು ಜೊತೆಗಿದ್ರು, ಪ್ಯಾಂಪ್ಲೆಟ್ ಹಾಕಿದ್ರು. ಒಂದು ವರ್ಷದ ಮೇಲೆ ಕೌನ್ಸಿಲ್ ಸೋತು ಆ ರೂಲ್ಸ್ ತೆಗೀತು. ಅಜ್ಜಿ ಮೂರು ಭಾನುವಾರ ಅಲ್ಲಿಗೆ ಹೋಗಿ ಮಕ್ಕಳ ತಲೆ ಹೇನು ನೋಡಿ, ಕೆಮ್ಮಿಗೆ ಔಷಧಿ ಕೊಟ್ಟು ಬಂದಿದ್ರಂತೆ. ನಿಮ್ಮ ಗುಂಪು ಏನು ಸಾಧಿಸ್ತು ಅಂತ ನಾನು ಕೇಳಿದ್ದಕ್ಕೆ ಇದೊಂದನ್ನೇ ಅವರು ಹೇಳಿದ್ದು.

ಧಾರವಾಡದಜ್ಜ:
ಹಳೇಕಾಗದ ತಂಗಿ, ಭಾಳ ಛಲೋ ಕೆಲಸಾ ಮಾಡಾಕತ್ತೀರಿ. ನಾ 1979ರಾಗ ಬ್ರಾಡ್‌ಫರ್ಡಿಗೆ ಟೆಕ್ಸ್‌ಟೈಲ್ ಕಲಿಯಾಕ ಹೋಗಿದ್ದೆ, ಮೂರು ವರ್ಷ ಅಲ್ಲೇ. ಉಣ್ಣೆ ಗಿರಣಿಗೋಳು ಒಂದೊಂದ ಬಾಗಲಾ ಹಾಕಾಕತ್ತಿದ್ವು. ರಾತ್ರಿ ಪಾಳಿ ಪೂರ್ತಿ ನಮ್ಮ ಕಡಿ ಮಂದಿ, ಪಾಕಿಸ್ತಾನದ ಮೀರ್‌ಪುರದವ್ರು, ಪಂಜಾಬದವ್ರು. ಸಂಜಿ ಮುಂದ ಒಬ್ಬನ ಹೊರಗ ಹೋಗಾಕ ಹೆದರಿಕಿ, ಬೋಳು ತಲಿ ಹುಡುಗ್ರು ಬೂಟ್‌ಗಾಲಿಲೆ ಒದ್ದು ಹೋಗ್ತಿದ್ರು, ಪೊಲೀಸ್ರಿಗೆ ಹೇಳಿದ್ರ ನಮ್ನs ತಿರುಗಿ ಕೇಳ್ತಿದ್ರು.

ಅಲ್ಲಿ ಏಷಿಯನ್ ಯೂತ್ ಮೂವ್‌ಮೆಂಟ್ ಅಂತ ಹುಡುಗ್ರ ಸಂಘಟನೆ ಇತ್ತು, ಅದರಿಂದ ಹೊರಗ ಬಂದ ಕೆಲವರು 1981ರಾಗ ಯುನೈಟೆಡ್ ಬ್ಲ್ಯಾಕ್ ಯೂತ್ ಲೀಗ್ ಮಾಡಿದ್ರು. ‘ಬ್ಲ್ಯಾಕ್’ ಅಂದ್ರ ಆಗ ಆಫ್ರಿಕಾ ಕೆರಿಬಿಯನ್ ಮಂದಿ ಅಷ್ಟs ಅಲ್ಲ, ನಾವೂ ಸೈತ. ಬಿಳಿ ಮಂದಿ ಯಾರಿಗೆ ಒದೀತಾರೋ ಅವರೆಲ್ಲಾ ಒಂದs ಅನ್ನೂ ಅರ್ಥ. ಹಿಂದೂ ಮುಸ್ಲಿಂ ಸಿಖ್ ಅಂತ ಯಾರೂ ಕೇಳ್ತಿರಲಿಲ್ಲ, ಇದನ್ನ ಈಗಿನ ಹುಡುಗ್ರಿಗೆ ಹೇಳಿದ್ರ ನಂಬೂದಿಲ್ಲ, ನಾ ಕಣ್ಣಿಲೆ ನೋಡೇನಿ. ಆ ವರ್ಷ ಜುಲೈ 11ಕ್ಕ ಫ್ಯಾಸಿಸ್ಟರು ಊರಿಗೆ ನುಗ್ಗತಾರ ಅಂತ ಸುದ್ದಿ ಹಬ್ಬಿತ್ತು. ಕೆಲವು ಹುಡುಗ್ರು ಹಾಲಿನ ಬಾಟ್ಲಿಯೊಳಗ ಪೆಟ್ರೋಲ್ ಹಾಕಿ ಇಟ್ಕೊಂಡಿದ್ರು, ಯಾರೂ ಬರಲಿಲ್ಲ, ಬಾಟ್ಲಿ ಬಳಸಲೂ ಇಲ್ಲ. ಪೊಲೀಸ್ರಿಗೆ ಸಿಕ್ಕ ಮ್ಯಾಲ 12 ಮಂದಿನ್ನ ಹಿಡಿದು ಸ್ಫೋಟಕದ ಸಂಚು ಅಂತ ಕೇಸ್ ಹಾಕಿದ್ರು, ಶಿಕ್ಷೆ ಆಗಿದ್ರ ಹುಡುಗ್ರ ಅರ್ಧ ಆಯುಷ್ಯ ಜೇಲಿನೊಳಗs. ಲೀಡ್ಸ್ ಕೋರ್ಟಿನ್ಯಾಗ 1982ರ ಏಪ್ರಿಲ್‌ದಿಂದ ಜೂನ್ ತನಕ ವಿಚಾರಣೆ ನಡೀತು. ಹುಡುಗ್ರು ಸುಳ್ಳು ಹೇಳಲಿಲ್ಲ. ಹೌದು ನಾವs ಮಾಡಿದ್ವಿ, ನಮ್ಮ ಓಣಿ ಕಾಯಾಕ ಮಾಡಿದ್ವಿ ಅಂದ್ರು. ಆತ್ಮರಕ್ಷಣೆ ಅಪರಾಧ ಅಲ್ಲ ಅನ್ನೂದs ಘೋಷಣೆ. ಜೂರಿ ಹನ್ನೆರಡೂ ಮಂದಿನ್ನ ಬಿಟ್ಟು ಬಿಡ್ತು.

ನಾ ಒಂದಿನ ಕ್ಲಾಸ್ ಬಿಟ್ಟು ಕೋರ್ಟಿನ ಮುಂದ ನಿಂತಿದ್ದೆ. ನಾ ಬಾಡಗಿ ಇದ್ದ ಮನಿ ಅವ್ವ, ಮೀರ್‌ಪುರದಾಕಿ, ಇಂಗ್ಲಿಷ್ ಒಂದ ಅಕ್ಷರಾ ಬರ್ತಿರಲಿಲ್ಲ, ಮುಂಜಾನೆ ನಾಕಕ್ಕ ಎದ್ದು ನಲವತ್ತು ರೊಟ್ಟಿ ಬಡದು ಟವೆಲ್ಲಿನ್ಯಾಗ ಸುತ್ತಿ ನನ್ನ ಕೈಯಾಗ ಕೊಟ್ಟಿದ್ಲು. ಹಂಚು ಅಂದ್ಲು, ಅಷ್ಟs. ಬಸ್ಸಿನೊಳಗ ಆ ಗಂಟು ತೊಡಿ ಮ್ಯಾಲ ಬಿಸಿ ಬಿಸಿ ಇತ್ತು. ಆ ಲೀಗ್ ಎಷ್ಟು ತಿಂಗಳ ನಡೀತೋ, ಎಷ್ಟು ಮಂದಿ ಮೆಂಬರ್ ಇದ್ರೋ, ಆಕಿಗೆ ಅದರ ಹೆಸರೂ ಗೊತ್ತಿರಲಿಲ್ಲ.

ಬಸವನಗುಡಿ_ಸುಮ:
ಅಜ್ಜಾರ, ಕೈ ಮುಗೀತೀನಿ. ಈ ಪೋಸ್ಟನ್ನ ಕಾಪಿ ಮಾಡಿ ಇಟ್ಕೊಂಡೆ.

ನಾನು ಮನೆ ಬಾಡಿಗೆ, ಕೊಳೆಗೇರಿ ಹಕ್ಕಿನ ಕೆಲಸ ಮಾಡ್ತೀನಿ ಬೆಂಗಳೂರಲ್ಲಿ, ಹಾಗಾಗಿ ನಂಗೆ ಈ ಗುಂಪುಗಳಲ್ಲಿ ಒಂದು ತುಂಬಾ ಹತ್ತಿರ. ಬ್ರಿಟಿಷ್ ಬ್ಲ್ಯಾಕ್ ಪ್ಯಾಂಥರ್ಸ್ ಅಂತ, ಕರಿಯರ ಹಕ್ಕಿಗೆ ಹೋರಾಡಿದ ಗುಂಪು, 1968ರಲ್ಲಿ ಶುರುವಾಗಿ ಐದಾರು ವರ್ಷ ಇತ್ತು. ಅದರಲ್ಲಿ ನಮ್ಮೋರೂ ಇದ್ರು, ಪುಣೆಯ ಫರೂಖ್ ಧೋಂಡಿ, ಮಾಲಾ ಸೇನ್. 1972ರಲ್ಲಿ ಇಂಗ್ಲಿಷ್ ಲೇಖಕ ಜಾನ್ ಬರ್ಜರ್ ಬುಕರ್ ಪ್ರಶಸ್ತಿ ಹಣ 5,000 ಪೌಂಡಲ್ಲಿ ಅರ್ಧ ಪ್ಯಾಂಥರ್ಸ್‌ಗೇ ಕೊಟ್ರು, ಆ ಪ್ರಶಸ್ತಿ ಕೊಡೋ ಕಂಪನಿ ಕೆರಿಬಿಯನ್ನಿನ ಕಬ್ಬಿನ ತೋಟದಲ್ಲಿ ದುಡ್ಡು ಮಾಡಿದ್ದು, ಆ ದುಡ್ಡು ಅಲ್ಲಿನೋರ ಮಕ್ಕಳಿಗೇ ಹೋಗ್ಲಿ ಅಂತ. ಪ್ಯಾಂಥರ್ಸ್ ಮುಗಿದ ಮೇಲೆ ಅಲ್ಲಿಂದ ಬಂದ ಹಲವರು ‘ರೇಸ್ ಟುಡೇ’ ಪತ್ರಿಕೆಯ ಸುತ್ತ ಸೇರಿದ್ರು, ಡಾರ್ಕಸ್ ಹೋವ್ ಸಂಪಾದಕರು, ಬ್ರಿಕ್ಸ್‌ಟನ್ನಿನ 165 ರೇಲ್ಟನ್ ರೋಡು. ಟ್ರಿನಿಡಾಡ್ ಮೂಲದ ಹೆಸರಾಂತ ಲೇಖಕ ಸಿ.ಎಲ್.ಆರ್. ಜೇಮ್ಸ್ ಕೊನೆಗಾಲದಲ್ಲಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇದ್ರು, 1989ರಲ್ಲಿ ತೀರ್ಕೊಂಡ್ರು.

ಈ ರೇಸ್ ಟುಡೇ ಗುಂಪಿನೋರು ಲಂಡನ್ನಿನ ಈಸ್ಟ್ ಎಂಡಿನಲ್ಲಿ ಮಾಡಿದ ಕೆಲಸಾನೇ ನಂಗೆ ಮುಖ್ಯ. 70ರ ದಶಕದಲ್ಲಿ ಸಿಲ್ಹೆಟ್‌ನಿಂದ ಬಂದ ಬಂಗಾಳಿಗಳಿಗೆ ಕೌನ್ಸಿಲ್ ಮನೆ, ಅಂದ್ರೆ ಸ್ಥಳೀಯ ಆಡಳಿತ ಕೊಡೋ ಬಾಡಿಗೆ ಮನೆ ಸಿಗ್ತಿರಲಿಲ್ಲ. ಸಿಕ್ಕಿದ್ರೂ ಬಿಳಿಯರೇ ಇರೋ ವಸತಿ ಬಡಾವಣೆಯಲ್ಲಿ ಒಂಟಿ ಮನೆ, ಬಾಗಿಲಿಗೆ ಕಲ್ಲು, ಲೆಟರ್ ಬಾಕ್ಸಲ್ಲಿ ಹೇಸಿಗೆ. ಇನ್ನೊಂದು ಕಡೆ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಕಟ್ಟಡಗಳು ಖಾಲಿ ಬಿದ್ದಿದ್ವು. ಖಾಲಿ ಮನೆ ಬೀಗ ಒಡೆದು ಸಂಸಾರ ಹೂಡೋದು, ನೀರು ಕರೆಂಟ್ ತಾವೇ ಹಾಕ್ಕೊಳ್ಳೋದು, ರಾತ್ರಿ ಕಾವಲು, ಇದನ್ನೆಲ್ಲ ಒಟ್ಟು ಮಾಡಿ 1976ರಲ್ಲಿ ಬೆಂಗಾಲಿ ಹೌಸಿಂಗ್ ಆ್ಯಕ್ಷನ್ ಗ್ರೂಪ್ ಅಂತ ಕಟ್ಟಿದ್ರು. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಓದಿದ್ರೆ ‘ಭಾಗ್’, ಬಂಗಾಳಿಯಲ್ಲಿ ಹುಲಿಗೆ ಹೇಳೋ ‘ಬಾಘ್’ ಥರಾನೇ ಕೇಳುತ್ತೆ. ಪೆಲ್ಹಮ್ ಬಿಲ್ಡಿಂಗ್ಸ್ ಅನ್ನೋ ಒಂದೇ ಕಟ್ಟಡದಲ್ಲಿ ಎಷ್ಟೊಂದು ಸಂಸಾರಗಳು. ಕೊನೆಗೆ ಸರ್ಕಾರದೋರು ಬಂದು ಎಲ್ಲೆಲ್ಲಿ ಮನೆ ಬೇಕು ಹೇಳಿ ಅಂತ ಕೇಳೋ ಹಾಗಾಯ್ತು. ನಮ್ಮ ಜನ ಒಟ್ಟಿಗೆ ಇರೋ ಬೀದಿಗಳಲ್ಲೇ ಕೊಡಿ ಅಂತ ಗಟ್ಟಿಯಾಗಿ ಕೂತ್ರು. ಇವತ್ತು ಬ್ರಿಕ್ ಲೇನಿಗೆ ಹೋಗೋ ಟೂರಿಸ್ಟುಗಳು ನೋಡೋ ಬಾಂಗ್ಲಾ ಟೌನ್ ಸುಮ್ಮನೆ ಬೆಳೀಲಿಲ್ಲ. ಆ ಗುಂಪು ಈಗಿಲ್ಲ. ರೇಸ್ ಟುಡೇ 1988ಕ್ಕೆ ನಿಂತೋಯ್ತು, ಪತ್ರಿಕೆ ನಡೆಸ್ತಿದ್ದ ಗುಂಪನ್ನ 1991ರಲ್ಲಿ ಅವರೇ ಮುಚ್ಚಿದ್ರು.

ನಮ್ಮಲ್ಲಿ ಯಾವ ಮೀಟಿಂಗಲ್ಲಿ ಎಡ ಪಕ್ಷ ಅಂದ್ರೂ ಯಾರು ಯಾವ ಲೈನು ಅನ್ನೋ ಲೆಕ್ಕಾನೇ ಮೊದಲು ಬರುತ್ತೆ. ನಂಗೆ ಯಾವ ಬೀಗ ಯಾವತ್ತು ತೆಗೆದ್ರು ಅನ್ನೋದು ಬೇಕು.

ಮೈಸೂರ್‌ರವಿ:
ಸುಮಾ ಅವರೇ, ಅಜ್ಜಾರೇ, ಒಪ್ಪಿದೆ. ಇವು ಗೊತ್ತಿರಲಿಲ್ಲ. ಆದ್ರೂ ಈ ಒಳ್ಳೆ ಕೆಲಸಕ್ಕೆ ಗುಂಪು ಬೇಕಿತ್ತಾ, ಆ ರೊಟ್ಟಿ ಬಡಿದ ತಾಯಿ ಯಾವ ಮೆಂಬರ್‌ಶಿಪ್ಪೂ ಇಲ್ಲದೇ ಮಾಡಿದ್ರಲ್ಲ, ಅದು ನನ್ನ ಪ್ರಶ್ನೆ.

ಬಸವನಗುಡಿ_ಸುಮ:
ರೊಟ್ಟಿ ಬಡಿಯೋಕೆ ಬೇಕಿಲ್ಲ ರವಿ. ವಕೀಲರನ್ನ ಹುಡುಕೋಕೆ, ಕರಪತ್ರ ಅಚ್ಚು ಹಾಕೋಕೆ, ಮೂರು ಊರಿಂದ ಬಸ್ ಮಾಡೋಕೆ, ಹತ್ತು ತಿಂಗಳು ಪ್ರತಿ ವಾರ ಬಿಡದೇ ಸೇರೋಕೆ ಬೇಕು. ಅದು ತಾನಾಗಿ ಆಗಲ್ಲ, ನಾನು ದಿನಾ ನೋಡ್ತೀನಿ. ವಾರ ವಾರ ಬರೋರು ಏಳೇ ಜನ ಇರ್ತಾರೆ, ಆ ಏಳು ಜನ ಇಲ್ದಿದ್ರೆ ಎಂಟನೇ ವಾರಕ್ಕೆ ಎಲ್ಲ ನಿಂತೋಗುತ್ತೆ.

ಕರಾವಳಿ77:
ಒಳ್ಳೆ ಚರ್ಚೆ ಮಾರಾಯ್ರೆ. ನಮ್ಮ ಊರಿಗೂ ಇದಕ್ಕೂ ಒಂದು ನೇರ ಕೊಂಡಿ ಉಂಟು, ಯಾರೂ ಹೇಳ್ಲಿಲ್ಲ ಅಂತ ಬರೀತಿದೇನೆ. ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷ 1920ರಲ್ಲಿ ಹುಟ್ಟಿದ್ದು, 1942ರ ಹೊತ್ತಿಗೆ 56 ಸಾವಿರ ಸದಸ್ಯರು ಇದ್ದದ್ದು, 1956ರಲ್ಲಿ ರಷ್ಯಾ ಹಂಗೇರಿಗೆ ಟ್ಯಾಂಕ್ ಕಳಿಸಿದ ಮೇಲೆ ಸಾವಿರಾರು ಜನ ಬಿಟ್ಟು ಹೋಗಿ, 1991ರ ನವೆಂಬರಲ್ಲಿ ತನ್ನನ್ನ ತಾನೇ ವಿಸರ್ಜನೆ ಮಾಡ್ಕೊಂಡದ್ದು. ಅದರ ಶುರುವಿನ ದಿನಗಳಲ್ಲಿ, ಟಾಟಾ ಮನೆತನದ ಸೋದರಳಿಯ ಶಾಪುರ್ಜಿ ಸಕ್ಲಾತ್‌ವಾಲಾ ಲಂಡನ್ನಿನ ಬ್ಯಾಟರ್‌ಸೀ ನಾರ್ತ್‌ನಿಂದ ಎಂಪಿ ಆಗಿದ್ರು, 1922ರಲ್ಲಿ ಒಮ್ಮೆ, 1924ರಿಂದ 29ರವರೆಗೆ ಇನ್ನೊಮ್ಮೆ. ಜೆಮ್‌ಶೆಡ್‌ಜಿ ಟಾಟಾರ ತಂಗಿಯ ಮಗ, 1926ರ ಮಹಾ ಮುಷ್ಕರಕ್ಕೆ ಹೈಡ್ ಪಾರ್ಕಲ್ಲಿ ಭಾಷಣ ಮಾಡಿ ಎರಡು ತಿಂಗಳು ಜೈಲಿಗೆ ಹೋದೋರು.

ಅದೇ ವರ್ಷದ ಕೊನೆಗೆ ಆ ಪಕ್ಷದಿಂದ ಫಿಲಿಪ್ ಸ್ಪ್ರಾಟ್ ಅಂತ ಒಬ್ಬ ಹುಡುಗ ಬಾಂಬೆಗೆ ಹಡಗು ಹತ್ತಿ ಬಂದ. ಕೇಂಬ್ರಿಡ್ಜಲ್ಲಿ ಓದಿದವ, ವಯಸ್ಸು 24. ಇಲ್ಲಿ ಕಾರ್ಮಿಕ ಸಂಘ ಕಟ್ಟೋ ಕೆಲಸಕ್ಕೆ. 1929ರ ಮಾರ್ಚ್ 20ಕ್ಕೆ ಮೀರತ್ ಸಂಚಿನ ಕೇಸಲ್ಲಿ, ಬ್ರಿಟಿಷ್ ಸರ್ಕಾರ ಕಾರ್ಮಿಕ ನಾಯಕರ ಮೇಲೆ ಹಾಕಿದ್ದು ಅದು, ಹಿಡಿದ್ರು, ಕೇಸು ನಾಲ್ಕು ವರ್ಷ ಎಳೀತು, 1933ರಲ್ಲಿ ಕೋರ್ಟು 12 ವರ್ಷ ಕರಿನೀರಿನ ಶಿಕ್ಷೆ ಹಾಕಿತು, ಅಪೀಲಿನಲ್ಲಿ ಅದು ಎರಡು ವರ್ಷಕ್ಕೆ ಇಳೀತು. ಜೈಲಲ್ಲಿ ಓದ್ತಾ ಓದ್ತಾ, ಹೊರಗೆ ಬಂದು ಸ್ಟಾಲಿನ್ ಮಾಡಿದ್ದನ್ನ ನೋಡ್ತಾ ನೋಡ್ತಾ ಅವನ ನಂಬಿಕೆ ಪೂರ್ತಿ ತಿರುಗಿತು. ಮದ್ರಾಸಿನ ಕಮ್ಯುನಿಸ್ಟ್ ನಾಯಕ ಸಿಂಗಾರವೇಲರ್ ಕುಟುಂಬದ ಹುಡುಗಿಯನ್ನ ಮದುವೆಯಾಗಿ, ನಮ್ಮ ಬೆಂಗಳೂರಲ್ಲಿ ನೆಲೆಸಿ ‘ಮಿಸ್‌ಇಂಡಿಯಾ’ ಅನ್ನೋ ವಾರಪತ್ರಿಕೆಯ ಸಂಪಾದಕ ಆದ, ಮೈಸೂರು ಮತ್ತು ಇಂಡಿಯಾ ಸೇರಿಸಿದ ಹೆಸರು ಅದು. ಅಲ್ಲಿ ಬರೆದದ್ದು ಕಮ್ಯುನಿಸಂ ವಿರುದ್ಧ. 1971ರಲ್ಲಿ ಮದ್ರಾಸಲ್ಲಿ ತೀರಿಕೊಂಡ. ಇದನ್ನ ಕೆಲವರು ದ್ರೋಹ ಅಂತಾರೆ, ಕೆಲವರು ಕಣ್ಣು ತೆರೀತು ಅಂತಾರೆ. ನನಗೆ ಎರಡೂ ಸಾಲದು ಅನ್ನಿಸ್ತದೆ. 24ನೇ ವಯಸ್ಸಿಗೆ ಗೊತ್ತಿಲ್ಲದ ದೇಶಕ್ಕೆ ಬಂದು ಜೈಲು ಕಂಡವ, ತಾನು ತಪ್ಪು ಅಂತ ಅನ್ನಿಸಿದಾಗ ಬಾಯಿಬಿಟ್ಟು ಹೇಳಿದವ, ಆದ್ರೆ ಊರಿಗೆ ವಾಪಸ್ ಹೋಗ್ಲಿಲ್ಲ, ಇಲ್ಲೇ ಉಳಿದ.

ರವಿಯವರೇ, ನಿಮ್ಮ ಚಿಕ್ಕಪ್ಪ ಹೊರಗೆ ಬಂದ ಮೇಲೆ ಏನು ಮಾಡಿದ್ರು?

ಮೈಸೂರ್‌ರವಿ:
ಸರ್, ಇಲ್ಲಿವರೆಗೂ ಯಾರೂ ಕೇಳಿರಲಿಲ್ಲ ಇದನ್ನ. ರಿಟೈರ್ ಆಗೋವರೆಗೂ ಅಲ್ಲೇ ಮ್ಯಾಂಚೆಸ್ಟರಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲೇ ಇದ್ರು. ಪ್ರೈವೇಟ್ ಪ್ರ್ಯಾಕ್ಟೀಸ್ ಮಾಡ್ಲಿಲ್ಲ, ಜೊತೆಗಿದ್ದೋರೆಲ್ಲ ದೊಡ್ಡ ಮನೆ ಕಟ್ಟಿದ್ರು. ಯಾಕೆ ಅಂತ ಅಪ್ಪ ಒಂದ್ಸಲ ಕೇಳಿದಾಗ, ಗುಂಪು ಕೆಟ್ಟದಿತ್ತು, ನಾವು ಹೇಳ್ತಿದ್ದ ಮಾತು ಕೆಟ್ಟದಿರಲಿಲ್ಲ ಅಂದಿದ್ರಂತೆ.

ಧಾರವಾಡದಜ್ಜ:
ಎಂಥಾ ಮಾತು.

ಹಳೇಕಾಗದ:
ಎರಡು ದಿನ ಬರೋಕಾಗ್ಲಿಲ್ಲ, ಡಬ್ಬಗಳನ್ನ ಬೇರೆ ಬೇರೆ ಮಾಡ್ತಿದ್ದೆ. ಒಂದು ಸಮಸ್ಯೆ ಏನಂದ್ರೆ ಅರ್ಧಕ್ಕರ್ಧ ಕರಪತ್ರದಲ್ಲಿ ಇಸವಿನೇ ಇಲ್ಲ. ಭಾನುವಾರ ಇಂಥ ತಾರೀಕು ಮಧ್ಯಾಹ್ನ ಎರಡಕ್ಕೆ ಬನ್ನಿ ಅಂತಷ್ಟೇ. ಬರೋ ವಾರದ ಯೋಚನೆ ಮಾತ್ರ ಇದ್ದೋರು ಇಸವಿ ಯಾಕೆ ಹಾಕ್ತಾರೆ ಹೇಳಿ. ಹಾಗಾಗಿ ನಾನೇ ಒಂದೊಂದನ್ನೂ ಪತ್ತೆ ಮಾಡ್ತಿದೀನಿ. ಬೆಲೆ ಆರು ಪೆನ್ಸು, ಹಳೇ ‘ಡಿ’ ಗುರುತಲ್ಲಿ ಇದ್ರೆ 1971ರ ಫೆಬ್ರವರಿ 15ಕ್ಕಿಂತ ಮುಂಚಿನದು, ಆವತ್ತೇ ಇಲ್ಲಿ ಶಿಲ್ಲಿಂಗ್ ಲೆಕ್ಕ ಹೋಗಿ ನೂರು ಪೆನ್ನಿಗೆ ಒಂದು ಪೌಂಡ್ ಆಗಿದ್ದು. ಲಂಡನ್ ಫೋನ್ ನಂಬರು 01 ಅಂತ ಶುರುವಾದ್ರೆ 1990ರ ಮೇ ಒಳಗಿನದು. ನಿನ್ನೆ ಸಿಕ್ಕಿದ್ದರಲ್ಲಿ ‘ಭಾನುವಾರ ಅಕ್ಟೋಬರ್ 27, ಮೆರವಣಿಗೆ’ ಅಂತಿದೆ. ಕ್ಯಾಲೆಂಡರ್ ನೋಡಿದ್ರೆ 1963, 1968, 1974 ಮೂರರಲ್ಲೂ ಆ ತಾರೀಕು ಭಾನುವಾರವೇ. ಜೊತೆಗಿದ್ದ ಪ್ಯಾಂಪ್ಲೆಟ್ ಬೆಲೆ ಹಳೇ ಪೆನ್ಸಲ್ಲಿ, ಅಂದ್ರೆ 74 ಅಲ್ಲ. ಒಳಗೆ ವಿಯೆಟ್ನಾಂ ಅಂತಿದೆ, ಅಂದ್ರೆ 1968, ವಿಯೆಟ್ನಾಂ ಯುದ್ಧ ವಿರೋಧಿಸಿ ಸುಮಾರು ಒಂದು ಲಕ್ಷ ಜನ ಥೇಮ್ಸ್ ದಂಡೆಯಿಂದ ಹೈಡ್ ಪಾರ್ಕಿಗೆ ನಡೆದ ಆ ದೊಡ್ಡ ಮೆರವಣಿಗೆ. ಹಿಂಭಾಗದಲ್ಲಿ ಪೆನ್ಸಿಲಲ್ಲಿ ಮೂರು ಮಕ್ಕಳ ಹೆಸರು, ಪಕ್ಕದಲ್ಲಿ ಯಾರ ಮನೆಯಲ್ಲಿ ಬಿಡೋದು ಅಂತ. ಅಜ್ಜಿ ಕೈಬರಹ.

ಕರಾವಳಿ77:
ತಂಗಿ, ಇದು ನಿಜವಾದ ಕೆಲಸ. ಒಂದು ಕಹಿ ವಿಷಯ ಸೇರಿಸ್ಬೇಕು. ಈ ಸಣ್ಣ ಗುಂಪುಗಳ ಮೀಟಿಂಗಿಗೆ ಯಾರು ಬಂದ್ರು, ಏನು ಮಾತಾಡಿದ್ರು ಅಂತ ವರ್ಷಗಟ್ಟಲೆ ತಪ್ಪದೇ ಬರೆದಿಟ್ಟವರು ಪೊಲೀಸರು. 1968ರ ಮಾರ್ಚಲ್ಲಿ ಗ್ರೋವ್ನರ್ ಸ್ಕ್ವೇರಿನ ಅಮೆರಿಕನ್ ರಾಯಭಾರ ಕಚೇರಿ ಮುಂದೆ ಅದೇ ಯುದ್ಧದ ವಿರುದ್ಧ ದೊಡ್ಡ ಗಲಾಟೆ ಆಯ್ತು, ಆಮೇಲೆ ಲಂಡನ್ ಪೊಲೀಸಲ್ಲಿ ಗುಪ್ತ ದಳ ಒಂದು ಮಾಡಿದ್ರು, ನಿಮ್ಮ ಆ ಅಕ್ಟೋಬರ್ ಮೆರವಣಿಗೆಗೆ ಮುಂಚೆ. ಪೊಲೀಸರು ಹೆಸರು ಬದಲಿಸಿ, ಕೂದಲು ಬಿಟ್ಟು, ಗುಂಪುಗಳಲ್ಲಿ ಸದಸ್ಯರಾಗಿ ಸೇರಿ ವರ್ಷಗಟ್ಟಲೆ ಇದ್ರು. ಸಾವಿರಕ್ಕಿಂತ ಹೆಚ್ಚು ಗುಂಪುಗಳನ್ನ ಹೀಗೆ ನೋಡಿದಾರೆ. ಸತ್ತ ಎಳೇ ಮಕ್ಕಳ ಹೆಸರು ಕದ್ದು ಇಟ್ಕೊಂಡಿದ್ರು, ಸುಳ್ಳು ಹೆಸರಲ್ಲೇ ಆ ಗುಂಪಿನ ಹೆಣ್ಣುಮಕ್ಕಳ ಜೊತೆ ಸಂಬಂಧ ಇಟ್ಟು ಸಂಸಾರದ ಹಾಗೆ ಇದ್ದವರೂ ಉಂಟು. 2015ರಲ್ಲಿ ಸರ್ಕಾರ ವಿಚಾರಣಾ ಆಯೋಗ ಮಾಡಿತು, 2023ರ ಮಧ್ಯಂತರ ವರದಿಯಲ್ಲಿ ಈ ದಳವನ್ನ 70ರ ದಶಕದಲ್ಲೇ ಮುಚ್ಚಬೇಕಿತ್ತು ಅಂತ ಬರೆದಿದೆ. ಹಳೇ ರಿಪೋರ್ಟುಗಳು ಈಗ ಹೊರಗೆ ಬಂದಿವೆ. ಹಾಗಾಗಿ ನಿಮ್ಮ ಅಜ್ಜಿಯ ಡಬ್ಬ ಉಳಿಯೋದು ಬಹಳ ಮುಖ್ಯ. ಇಲ್ಲದಿದ್ರೆ ಆ ಜನರ ಬಗ್ಗೆ ಉಳಿಯೋದು ಅವರ ಮೇಲೆ ಕಣ್ಣಿಟ್ಟವರು ಬರೆದದ್ದು ಮಾತ್ರ.

ಹಳೇಕಾಗದ:
ಓದಿ ಕೈ ನಡುಗ್ತು ಅಣ್ಣಾ. ಅಜ್ಜಿಗೆ ಈ ವಿಷಯ ಗೊತ್ತಂತೆ. ಅವರ ಕಾಲದಲ್ಲಿ ಸರ್ಕಾರದ ಗುಟ್ಟನ್ನೇ ಇವರ ಸ್ನೇಹಿತರು ಬಯಲು ಮಾಡಿದ್ರು ಅಂತ ಹೇಳಿದ್ರು. 1963ರಲ್ಲಿ ‘ಸ್ಪೈಸ್ ಫಾರ್ ಪೀಸ್’ ಅಂತ ಕೆಲವೇ ಜನ ರೀಡಿಂಗ್ ಅನ್ನೋ ಊರಿನ ಹತ್ರ ವಾರನ್ ರೋ ಅನ್ನೋ ಹಳ್ಳಿಯಲ್ಲಿ ನೆಲದಡಿ ಕಟ್ಟಿದ ಸರ್ಕಾರಿ ಅಡಗುತಾಣ ಕಂಡುಹಿಡಿದ್ರು. ಅಣುಬಾಂಬ್ ಬಿದ್ರೆ ಜನ ಮೇಲೆ ಸಾಯ್ಲಿ, ಅಧಿಕಾರಿಗಳು ಒಳಗೆ ಕೂತು ಆಡಳಿತ ಮಾಡೋಕೆ ಮಾಡಿದ್ದು. ಎಲ್ಲ ವಿವರ ಸೈಕ್ಲೋಸ್ಟೈಲ್ ಮಾಡಿ ಈಸ್ಟರಿಗೆ ನಡೆಯೋ ಅಣುಬಾಂಬ್ ವಿರೋಧಿ ಆಲ್ಡರ್‌ಮಾಸ್ಟನ್ ಮೆರವಣಿಗೆ ಹೊತ್ತಿಗೆ ಸಾವಿರಾರು ಪ್ರತಿ ಹಂಚಿದ್ರು, ಮೆರವಣಿಗೆಯ ನೂರಾರು ಜನ ದಾರಿ ಬಿಟ್ಟು ಆ ಹಳ್ಳಿಗೇ ನುಗ್ಗಿದ್ರು. ಟೈಪ್‌ರೈಟರನ್ನ ನದಿಗೆ ಎಸೆದ್ರು, ಯಾರು ಮಾಡಿದ್ದು ಅಂತ ಪೊಲೀಸರಿಗೆ ಸಿಗ್ಲೇ ಇಲ್ಲ. ಅವರಲ್ಲಿ ಒಬ್ಬರಾದ ನಿಕೊಲಸ್ ವಾಲ್ಟರ್ ಹೆಸರನ್ನ ಅವರು ತೀರ್ಕೊಂಡ ಮೇಲೆ, 2002ರಲ್ಲಿ, ಮಗಳೇ ಹೊರಗೆ ಹೇಳಿದ್ದು. ಅಜ್ಜಿಗೆ ಯಾರ್ಯಾರು ಅಂತ ಗೊತ್ತಾ ಅಂತ ಕೇಳಿದೆ. ಚಾ ಲೋಟ ಎತ್ಕೊಂಡು ಅಡಿಗೆ ಮನೆಗೆ ಹೋದ್ರು.

ಬಸವನಗುಡಿ_ಸುಮ:
ಡಬ್ಬಗಳನ್ನ ಎಲ್ಲಿಗೆ ಕೊಡ್ತೀರಿ ಅಕ್ಕಾ?

ಹಳೇಕಾಗದ:
ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಮೇಡೇ ರೂಮ್ಸ್ ಅಥವಾ ಬಿಷಪ್ಸ್‌ಗೇಟ್ ಇನ್‌ಸ್ಟಿಟ್ಯೂಟ್, ಎರಡೂ ಕಡೆ ಇಂಥದ್ದನ್ನೇ ಜೋಪಾನ ಮಾಡ್ತಾರೆ. ಇನ್ನೂ ಒಂದು ಜಾಗ ಸಾಲ್ಫರ್ಡಿನ ವರ್ಕಿಂಗ್ ಕ್ಲಾಸ್ ಮೂವ್‌ಮೆಂಟ್ ಲೈಬ್ರರಿ. ಅದು ಶುರುವಾಗಿದ್ದು ರೂತ್ ಮತ್ತು ಎಡಿ ಫ್ರೋ ಅನ್ನೋ ಗಂಡಹೆಂಡ್ತಿ ರಜೆಯಲ್ಲೆಲ್ಲ ಊರೂರು ಸುತ್ತಿ ಹಳೇ ಪುಸ್ತಕದಂಗಡಿ ಜಾಲಾಡಿ ತಂದು ಮನೆ ತುಂಬಿಸಿದ್ರಿಂದ. ಮನೆಯಲ್ಲಿ ಜಾಗವೇ ಇಲ್ಲ ಅಂತಾದ ಮೇಲೆ 1987ರಲ್ಲಿ ಸಾಲ್ಫರ್ಡಿನ ಕಟ್ಟಡಕ್ಕೆ ಬಂತು. ಮೂರರಲ್ಲಿ ಒಂದು ಅಂತ ಅಜ್ಜಿ ತೀರ್ಮಾನ ಮಾಡ್ತಾರೆ, ಅವರ ಸ್ವತ್ತು ಅದು. ಕಮಿಟಿ ಜಗಳದ ಪತ್ರಗಳೂ ಇವೆ, ಒಬ್ಬರಿಗೊಬ್ಬರು ಬರೆದಿರೋ ಕೆಟ್ಟ ಮಾತು, ಅದನ್ನ ಬೇರೆ ಇಡ್ಲಾ ಅಂದೆ. ಬೇಡ, ಎಲ್ಲ ಇರ್ಲಿ ಅಂದ್ರು. ರವಿಯವರೇ, ನಿಮ್ಮ ಚಿಕ್ಕಪ್ಪನ ಹತ್ರ ಏನಾದ್ರೂ ಕಾಗದ ಉಳಿದಿದ್ರೆ ಕೊಡೋಕೆ ಯೋಚನೆ ಮಾಡಿ.

ಮೈಸೂರ್‌ರವಿ:
ಒಂದು ಸೂಟ್‌ಕೇಸ್ ಇದೆ ಮೇಡಂ, ಚಿಕ್ಕಮ್ಮನ ಹತ್ರ. ಬಿಚ್ಚಿಲ್ಲ ಯಾರೂ. ಈ ಭಾನುವಾರ ಫೋನ್ ಮಾಡ್ತೀನಿ.

ಹಳೇಕಾಗದ:
ಇನ್ನೊಂದು ಸಹಾಯ. ಒಂಬತ್ತನೇ ಡಬ್ಬದ ತಳದಲ್ಲಿ ಒಂದೇ ಒಂದು ಹಾಳೆ ಗುರುಮುಖಿ ಲಿಪಿಯಲ್ಲಿದೆ, ಕೈಯಲ್ಲಿ ಬರೆದು ಸೈಕ್ಲೋಸ್ಟೈಲ್ ಮಾಡಿದ್ದು. ಇಂಗ್ಲಿಷಿನಲ್ಲಿ ಇರೋದು ಒಂದು ಫ್ಯಾಕ್ಟರಿ ಗೇಟಿನ ಗುರುತು ಮತ್ತು ‘ಬುಧವಾರ ಬೆಳಗ್ಗೆ 6’ ಅಷ್ಟೇ. ಅಜ್ಜಿಗೆ ಅದು ಹೇಗೆ ಬಂತು ಅಂತ ನೆನಪಿಲ್ಲ. ಪಂಜಾಬಿ ಓದೋಕೆ ಬರೋರು ಯಾರಾದ್ರೂ ಪರಿಚಯ ಇದ್ದಾರಾ?

ಧಾರವಾಡದಜ್ಜ:
ಫೋಟೋ ಹಾಕ್ರಿ ತಂಗಿ. ನಮ್ಮ ಪಾಳಿಯೊಳಗ ಇದ್ದ ಸರದಾರ್ಜಿ ಒಬ್ರು ಈಗ ಲೂಧಿಯಾನಾದಾಗ ಅದಾರ, ಕಣ್ಣು ಮಂಜ ಆಗ್ಯಾವ, ಮೊಮ್ಮಗಳು ಓದಿ ಹೇಳ್ತಾಳ. ಅಕ್ಷರಾ ದೊಡ್ಡದಾಗಿ ಬರೂ ಹಂಗ ತೆಗೀರಿ.